ಹಗೇವಿನೊಳಗಿನ ಕೆಂಪು ಮುಖ

ಕಾಳು ತುಂಬಿಡಲು ನೆಲದೊಳಗೆ ತೋಡಿದ ಹಗೇವಿನ ತಳದಲ್ಲಿ ನಿಂತು ತಲೆ ಎತ್ತಿದರೆ ಆಕಾಶ ಒಂದು ರೊಟ್ಟಿಯಷ್ಟು ಕಾಣುತ್ತಿತ್ತು.

ಆ ರೊಟ್ಟಿಯ ಅಂಚಿನಲ್ಲಿ ಸಿದ್ದರಾಯನ ರುಮಾಲು ಮೂಡಿತು. “ಸಾಹೇಬ್ರ, ಉಸಿರು ಆಡ್ತೈತಿಲ್ರಿ?”

“ಆಡ್ತೈತಿ. ನೀ ಹಗ್ಗಾ ಬಿಡಬ್ಯಾಡ.”

ಪೊಲೀಸ್ ಫೌಜದಾರ ಬಸಲಿಂಗಯ್ಯ ಕಾಲ ಬಳಿಯ ಕಂದೀಲು ನೋಡಿದ. ಗಾಳಿ ಕೆಟ್ಟಿದ್ದರೆ ಆರಬೇಕಿತ್ತು, ದೀಪ ನೆಟ್ಟಗೆ ಉರಿಯುತ್ತಿತ್ತು. ಸುತ್ತ ಜೋಳದ ದಂಟು ಹೊಂದಿಸಿದ ಗೋಡೆ, ಕಾಲಡಿಗೆ ಹಳೆಯ ಕಾಳು. ಚಳಿಜ್ವರ ಪೂರ್ತಿ ಬಿಟ್ಟಿರಲಿಲ್ಲ. ಕ್ವಿನೈನ್ ಗುಳಿಗೆ ನುಂಗಿದಾಗಿನಿಂದ ಕಿವಿಯಲ್ಲಿ ಜೇನುಹುಳು ಗುಂಯ್‌ಗುಟ್ಟುತ್ತಿದ್ದವು. ತಾನು ನಿಂತಿದ್ದೇನೋ ತೇಲುತ್ತಿದ್ದೇನೋ ಅವನಿಗೇ ಖಾತ್ರಿಯಿರಲಿಲ್ಲ.

ಸೋಮವಾರ ಬೆಳಿಗ್ಗೆ ಇದೇ ಜಾಗದಲ್ಲಿ, ತಿಕೋಟಾದ ಈ ವಾಡೆಯ ಒಡತಿ ಶಂಕ್ರೆವ್ವನ ತಮ್ಮ, ವಿಜಯಪುರದ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದ ಗುರಲಿಂಗಪ್ಪ ಮಾಸ್ತರ ಹೆಣವಾಗಿ ಸಿಕ್ಕಿದ್ದರು. ಮೊಣಕಾಲು ಮಡಚಿಕೊಂಡು, ಮಗುವಿನ ಹಾಗೆ ಮಗ್ಗುಲಾಗಿ. ಗಲ್ಲ ಮಾತ್ರ ಕುಂಕುಮ ಒರೆಸಿದಂತೆ ಕೆಂಪು.

ಬಸಲಿಂಗಯ್ಯ ಗೋಡೆಯ ದಂಟಿನ ನಡುವೆ ಕೈ ತೂರಿಸಿದ. ಬೆಚ್ಚಗಿತ್ತು. ಇನ್ನೂ ಒಳಗೆ ತೂರಿಸಿದ. ಇನ್ನೂ ಬೆಚ್ಚಗಿತ್ತು. ಕೂಸನ್ನು ಹೊದಿಸಿ ಮಲಗಿಸಿದ ಕೌದಿಯೊಳಗೆ ಕೈಯಿಟ್ಟಂತೆ.

ಆದರೆ ಜ್ವರದವನ ಕೈ. ಅದರ ಸಾಕ್ಷಿ ನಂಬುವುದು ಹೇಗೆ?

ಮೇಲೆ ಬಂದು, “ಈಗ ನೀ ಇಳಿ” ಎಂದ ಸಿದ್ದರಾಯನಿಗೆ. ವಾಡೆಯ ಕುರಿ ಕಾಯುತ್ತ, ಹೊಲ ನೋಡಿಕೊಳ್ಳುತ್ತ ಬೆಳೆದ ಆಳು ಅವನು. ಹಗ್ಗ ಹಿಡಿದು ಇಳಿದ. ಮೇಲೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

“ಹೆಂಗೈತಿ?”

“ಧಗಿ ಐತ್ರಿ. ಒಲಿ ಮುಂದ ಕುಂತಂಗ ಆತು.”

“ಥಂಡಿ ಇಲ್ಲ?”

“ಎಲ್ಲಿ ಥಂಡಿರಿ?” ಸಿದ್ದರಾಯ ರುಮಾಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಒಮ್ಮೆಲೆ ಕುಕ್ಕರಗಾಲಿನಲ್ಲಿ ಕೂತ. “ಸಾಹೇಬ್ರ, ನನ್ನ ನಾಳೆ ಒಯ್ತೀರಂತ, ಖರೇನ್ರಿ? ಐತವಾರ ಕಾಳು ತಗದು ನಾ ಕಲ್ಲು ಮುಚ್ಚಿದ್ನಿರಿ. ಅಮೋಘಸಿದ್ಧನ ಆಣಿ. ಮುಂಜಾನೆ ನೋಡಿದ್ರ ಅರ್ಧ ಸರದಿತ್ತು.”

ಬಸಲಿಂಗಯ್ಯ ಜೇಬು ಮುಟ್ಟಿ ನೋಡಿಕೊಂಡ. ಹುಕುಂ ಜೇಬಿನಲ್ಲೇ ಇತ್ತು. ಹಗೇವು ತೆರೆದಿಟ್ಟು ಒಬ್ಬ ವಿದ್ವಾಂಸರ ಸಾವಿಗೆ ಕಾರಣನಾದ ಆಳನ್ನು ಹಿಡಿದು ತಂದು ಕಾಗದ ಮುಗಿಸಿ ಎಂದು ಮೇಲಿನ ಸಾಹೇಬರು ಹೇಳಿ ಕಳಿಸಿದ್ದರು.

ಪಡಸಾಲೆಯಲ್ಲಿ ಶಂಕ್ರೆವ್ವ ಅವನಿಗಾಗಿ ಕಂಬಳಿ ಹಾಸಿ, ನುಚ್ಚಿನ ಅಂಬಲಿ ತಂದಿಟ್ಟಿದ್ದಳು. ಐವತ್ತು ದಾಟಿದ ಹೆಂಗಸು. ತಾಯಿ ತೀರಿದ ಮೇಲೆ ತಮ್ಮನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಅತ್ತು ಅತ್ತು ಅವಳ ದನಿಯೇ ಹೋಗಿತ್ತು.

“ಕುಡಿ ಯಪ್ಪಾ. ಹೊಟ್ಟಿ ಖಾಲಿ ಇಟಗೊಂಡು ಆ ಗುಳಿಗಿ ನುಂಗಬಾರದು.” ಅವನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು.

ಎದುರಿಗೆ ಇಬ್ಬರು ಕೂತಿದ್ದರು. ಇತಿಹಾಸದ ಸೈಫುದ್ದೀನ ಮಾಸ್ತರ, ಮನಶ್ಶಾಸ್ತ್ರ ಓದಿಕೊಂಡು ಬಂದ ನೀಲಾಬಾಯಿ. ಇಬ್ಬರೂ ಮಾಸ್ತರರ ಕಾಲೇಜಿನವರು. ಮೂರನೆಯವರು ಬಬಲೇಶ್ವರದ ಡಾಕ್ಟರ್ ಶಿವಯೋಗೆಪ್ಪ. ಅವರು ರೋಗಿಗಳಿದ್ದಾರೆಂದು ದವಾಖಾನೆಗೆ ಮರಳಿದ್ದರು. ಗುರಲಿಂಗಪ್ಪ ಮಾಸ್ತರರೂ ಸೇರಿ ಈ ನಾಲ್ವರು ಒಂದು ಉಪನ್ಯಾಸಮಾಲೆ ಮಾಡಬೇಕೆಂದಿದ್ದರು. ವಿವರಿಸುವುದು ಅಂದರೇನು, ಒಂದೊಂದು ಶಾಸ್ತ್ರ ಲೋಕವನ್ನು ಹೇಗೆ ವಿವರಿಸುತ್ತದೆ ಎಂಬುದೇ ವಿಷಯ. ಅದರ ಮಾತಿಗೆಂದೇ ಭಾನುವಾರ ಈ ವಾಡೆಯಲ್ಲಿ ಕೂಡಿದ್ದರು.

“ನಾ ಮೊನ್ನೆ ಜ್ವರದಾಗ ಅರ್ಧ ಕೇಳಿದೆ, ಅರ್ಧ ಬಿಟ್ಟೆ” ಎಂದ ಬಸಲಿಂಗಯ್ಯ. “ಇನ್ನೊಮ್ಮೆ ಹೇಳ್ರಿ. ಮಾಸ್ತರ ಹಗೇವಿಗೆ ಯಾಕ ಹೋದ್ರು?”

ಸೈಫುದ್ದೀನ ಮಾಸ್ತರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಹಗೇವಿನ ಮ್ಯಾಲಿನ ಕಲ್ಲು ಐತಲ್ಲ, ಅದು ಬಾದಶಾಹಿ ಕಾಲದ್ದು. ಯಾವುದೋ ತ್ವಾಟದ ಕಟ್ಟಿಯಿಂದ ಕಿತ್ತು ತಂದು ಹಾಕ್ಯಾರ. ಕೆಳಗಿನ ಮಗ್ಗಲ ಫಾರಸಿ ಅಕ್ಷರ ಅದಾವಂತ ನಾನ ಅವಂಗ ಹೇಳಿದ್ನಿ. ಅದನ್ನ ನೋಡಾಕ ಹೋಗ್ಯಾನ. ಮನಷ್ಯಾ ಒಂದು ಕಡೆ ಹೆಜ್ಜಿ ಇಟ್ಟ ಅಂದ್ರ ಅದರ ಹಿಂದ ಒಂದು ಕಥಿ ಇರ್ತೈತಿ. ಆ ಕಥಿ ಹೇಳೂದ ನಮ್ಮ ವಿವರಣೆ.”

“ಕಲ್ಲು ನೋಡಾಕ ಹೋದವರು ಒಳಗ ಯಾಕ ಇಳದ್ರು?” ನೀಲಾಬಾಯಿ ಮೆಲ್ಲಗೆ ಕೇಳಿದಳು. “ಕಥಿ ಸಾಲೂದಿಲ್ರಿ, ಮನಸ್ಸು ನೋಡಬೇಕು. ಹೆಂಡತಿ ಹೋದ ಮ್ಯಾಲೆ ಅವರು ಜನರ ನಡುವ ಇದ್ದೂ ಇಲ್ಲದಂಗ ಇದ್ರು. ಕತ್ತಲಿ, ಬೆಚ್ಚನ್ನ ಜಾಗ, ಯಾರೂ ಕರಿಯೂದಿಲ್ಲ. ಇಳದಾರ, ಇಳದು ಮ್ಯಾಲೆ ಬರಾಕ ಮನಸ್ಸು ಮಾಡಿಲ್ಲ. ಅವರ ಮಾರಿ ನೋಡಿದ್ರಲ್ಲ? ಬಯಸಿ ಹೋದವರ ಮಾರಿ ಅದು.”

ಡಾಕ್ಟರರ ವಿವರಣೆ ಕಾಗದದ ಮೇಲೇ ಇತ್ತು. ಹಗೇವಿನ ಕೆಟ್ಟ ಗಾಳಿ ಕುಡಿದು ಸಾವು. ಒಳಗಿನ ಥಂಡಿಗೆ ಗಲ್ಲ ಕೆಂಪೇರಿದೆ.

ಇತಿಹಾಸ ಅವರನ್ನು ಹಗೇವಿನವರೆಗೆ ನಡೆಸಿಕೊಂಡು ಹೋಯಿತು, ಮನಸ್ಸು ಒಳಗೆ ಇಳಿಸಿತು, ವೈದ್ಯಶಾಸ್ತ್ರ ಉಸಿರು ನಿಲ್ಲಿಸಿತು. ಮೂರೂ ಸೇರಿ ಎಷ್ಟು ಚೆಂದ ಕೂಡಿಕೊಂಡಿದ್ದವೆಂದರೆ ಮೇಲಿನ ಸಾಹೇಬರಿಗೆ ಅದೇ ಸಾಕಾಗಿತ್ತು. ಬಸಲಿಂಗಯ್ಯನಿಗೆ ಮಾತ್ರ ಆ ಚೆಂದವೇ ಕಣ್ಣಿಗೆ ಕಸದಂತೆ ಚುಚ್ಚುತ್ತಿತ್ತು.

“ಮಾಸ್ತರ ಏನಂತಿದ್ರು?” ಎಂದ. “ಐತವಾರ ಸಂಜಿ ಮುಂದ ನೀವೆಲ್ಲಾ ಮಾತಾಡಿದ್ರಲ್ಲ. ಅವರ ಪಾಲಿಗೆ ವಿವರಣೆ ಅಂದ್ರೇನು?”

ನೀಲಾಬಾಯಿಯ ಕಣ್ಣು ತುಂಬಿದವು, ತುಟಿಯ ಮೇಲೆ ಮಾತ್ರ ನಗೆ ಬಂತು. “ಗಾಡಿ ಕಥಿ ಹೇಳಿದ್ರು. ಒಂದು ಗಾಡಿ ಉರುಳಿ ಬಿತ್ತು. ಯಾಕ? ಗಾಲಿ ಸವದಿತ್ತು ಅಂತ ಬಡಿಗ್ಯಾ ಅಂತಾನ. ಹಾದಿ ಕೆಟ್ಟೈತಿ ಅಂತ ಇಂಜಿನಿಯರ ಅಂತಾನ. ಗಂಡಗ ನಿದ್ದಿ ಬಂದಿತ್ತು ಅಂತ ಹೊಡಿಯಾವನ ಹೆಂಡತಿ ಅಂತಾಳ. ಮೂರೂ ಖರೆ. ಆದ್ರ ಅದರ ಹಿಂದಿನ ಗಾಡಿ ಅದ ಹಾದ್ಯಾಗ ನೆಟ್ಟಗ ಬಂತಲ್ಲ, ಅದ್ಯಾಕ ಉರುಳಲಿಲ್ಲ? ಬರೇ ಯಾಕ ಅಂತ ಕೇಳಿದ್ರ ಯಾರ ಬೇಕಾದ್ರೂ ಉತ್ತರಾ ಕೊಡ್ತಾರ. ಇದ ಆತು, ಅದ್ಯಾಕ ಆಗಲಿಲ್ಲ ಅಂತ ಕೇಳ್ರಿ, ಆಗ ಉತ್ತರಗಳು ಒಂದೊಂದ ಎದ್ದು ಹೋಗ್ತಾವ. ಎದ್ದು ಹೋಗದ್ದು ಖರೇ ವಿವರಣೆ. ಹಿಂಗಂದ್ರು. ಅಂದು ಎದ್ದು ಹೋದ್ರು. ಮತ್ತ ಬರಲಿಲ್ಲ.”

ಅಂಬಲಿಯ ಬಟ್ಟಲು ಬಸಲಿಂಗಯ್ಯನ ಕೈಯಲ್ಲೇ ಉಳಿಯಿತು.

ಕೆಂಪು. ಅದ್ಯಾಕೆ ನೀಲಿಯಾಗಲಿಲ್ಲ?

ಹಗೇವಿನಲ್ಲಿ ಸತ್ತವರನ್ನು ಅವನು ಚಾಕರಿಯಲ್ಲಿ ನೋಡಿದ್ದ. ತುಟಿ ನೀಲಿ, ಮುಖ ಬೂದಿ. ಕೆಂಪು ಮುಖ ನೋಡಿದ್ದು ಒಂದೇ ಒಂದು ಸಲ, ಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗದೆ ಲಾರಿಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನ ಮೇಲೆ ಓಡುತ್ತಿದ್ದವು. ಇಬ್ರಾಹಿಂಪುರದ ರೈಲು ಹಳಿಯ ಬಳಿ ಒಬ್ಬ ಡ್ರೈವರು ಚಳಿಗೆಂದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ, ಒಲೆ ಆರದ ಲಾರಿಯೊಳಗೆ ಮಲಗಿದ್ದ. ಬೆಳಿಗ್ಗೆ ಎಬ್ಬಿಸಲು ಹೋದರೆ ಮದುಮಗನಂತೆ ಗಲ್ಲ ಕೆಂಪಾಗಿತ್ತು. ಇದ್ದಿಲ ಗ್ಯಾಸು ನೆತ್ತರಿಗೆ ಹಚ್ಚುವ ಬಣ್ಣ ಅದು ಎಂದು ಅಂದು ಸರಕಾರಿ ಡಾಕ್ಟರು ಹೇಳಿದ್ದರು. ಥಂಡಿಗೂ ಹಾಗಾಗುವುದುಂಟು ಎಂದೂ ಹೇಳಿದ್ದರು.

ಹಗೇವಿನಲ್ಲಿ ಥಂಡಿ ಇಲ್ಲ.

“ಅಕ್ಕಾರ” ಎಂದು ಒಳಗೆ ಕೂಗಿದ. “ಡಾಕ್ಟ್ರು ಐತವಾರ ಹೆಂಗ ಬಂದಿದ್ರು?”

“ಕಾರಿನ್ಯಾಗ, ಯಪ್ಪಾ. ಕೊಟ್ಟಿಗ್ಯಾಗ ನಿಲ್ಲಿಸಿದ್ರು” ಎಂದಳು ಶಂಕ್ರೆವ್ವ ಒಲೆಯ ಮುಂದಿನಿಂದ.

ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ. ಬಾಗಿಲು ದಪ್ಪ ಹಲಗೆಯದು. ಮಣ್ಣುನೆಲದ ಮೇಲೆ, ಕಾರಿನ ಹಿಂಭಾಗ ನಿಲ್ಲುವ ಕಡೆ, ಇದ್ದಿಲ ಬೂದಿ ಹೂವಿನಂತೆ ಉದುರಿ ಬಿದ್ದಿತ್ತು. ಬಸಲಿಂಗಯ್ಯ ಅದರ ಮೇಲೆ ಬೆರಳಾಡಿಸಿ, ಎದ್ದು ನಿಂತು, ಟಾಂಗಾ ತರಿಸಿದ.

ಬಬಲೇಶ್ವರದ ಹಾದಿಯಲ್ಲಿ ಎರಡೂ ಕಡೆ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಕರಿ ನೆಲ, ಅದರ ಮೇಲೆ ಹಾಲಿನ ಬಣ್ಣದ ತೆನೆ, ಅದರ ಮೇಲೆ ಬಿಸಿಲು. ಕುದುರೆಯ ಗೊರಸು ತಾಳ ಹಾಕುತ್ತಿತ್ತು. ಕಿವಿಯ ಜೇನುಹುಳು ಆ ತಾಳಕ್ಕೆ ದನಿಗೂಡಿಸಿದವು. ಬಸಲಿಂಗಯ್ಯನ ಕಣ್ಣು ತಾವಾಗಿ ಮುಚ್ಚಿದವು.

ಕನಸಿನಲ್ಲಿ ಎದುರು ಸೀಟಿನಲ್ಲಿ ಗುರಲಿಂಗಪ್ಪ ಮಾಸ್ತರ ಕೂತಿದ್ದರು. ಕೌದಿ ಹೊದ್ದುಕೊಂಡು, ಗಲ್ಲ ಕೆಂಪಗೆ. ಸತ್ತವರೆಂದು ಅನ್ನಿಸಲೇ ಇಲ್ಲ. ಏನೋ ವಿಚಾರ ಮಾಡುತ್ತ ಮಾಡುತ್ತ ಅವರ ತಲೆ ಎದೆಯ ಮೇಲೆ ವಾಲಿತು. ಎಬ್ಬಿಸಬೇಕೆಂದು ಬಸಲಿಂಗಯ್ಯ ಕೈ ಎತ್ತಿದ, ಕೈ ಬಾರದು. ಅಂಜಿಕೆಯೂ ಬಾರದು. ಬೆಚ್ಚಗಿತ್ತು, ಹಿತವಾಗಿತ್ತು, ಜೋಳದ ತೆನೆ ಸರಸರ ಎನ್ನುತ್ತಿತ್ತು. ಹೀಗೇ ಹೋಗಿರಬೇಕು ಅವರು, ಯಾರನ್ನೂ ಕೂಗದೆ. ಕೂಗಬೇಕೆಂದು ಅನ್ನಿಸದೆ.

ಟಾಂಗಾ ಕಲ್ಲಿನ ಮೇಲೆ ಹತ್ತಿ ಇಳಿಯಿತು. ಅವನು ಕಣ್ಣು ತೆರೆದಾಗ ಮೊಣಕಾಲು ಮಡಚಿ, ಎದುರು ಸೀಟಿಗೆ ತಾಗಿಸಿ ಕೂತಿದ್ದ. ಬಹಳ ಹೊತ್ತು ಹಾಗೇ ತನ್ನ ಮೊಣಕಾಲುಗಳನ್ನೇ ನೋಡಿದ.

ಬಬಲೇಶ್ವರದಲ್ಲಿ ಸಂತೆ ನೆರೆದಿತ್ತು. ಸಾರವಾಡಕ್ಕೆ ಹೆರಿಗೆ ನೋಡಲು ಹೋಗಿದ್ದ ಡಾಕ್ಟರು ಆಗಷ್ಟೇ ಬಂದಿದ್ದರು. ದವಾಖಾನೆಯ ಮುಂದೆ ಅವರ ಕಾರು ನಿಂತಿತ್ತು. ಯುದ್ಧ ಮುಗಿದರೂ ಪೆಟ್ರೋಲು ಇನ್ನೂ ರೇಷನ್ನಿನಲ್ಲೇ. ಕಾರಿನ ಬೆನ್ನ ಮೇಲಿನ ಇದ್ದಿಲೊಲೆಯ ಕಬ್ಬಿಣದ ಹಂಡೆ ಕಳಚಿರಲಿಲ್ಲ. ಬಸಲಿಂಗಯ್ಯ ಅದರ ಹತ್ತಿರ ಅಂಗೈ ಹಿಡಿದ. ಒಳಗೆ ಕೆಂಡ ಇನ್ನೂ ಉಸಿರಾಡುತ್ತಿತ್ತು.

“ಜ್ವರಾ ಬಿಡಲಿಲ್ಲೇನ್ರಿ ಫೌಜದಾರ್ರ?” ಡಾಕ್ಟರ್ ಶಿವಯೋಗೆಪ್ಪ ನಾಡಿ ಹಿಡಿಯಲು ಕೈ ಚಾಚಿದರು.

“ನನ್ನ ನಾಡಿ ಇರ್ಲಿ. ಹಗೇವಿನಾಗ ಥಂಡಿ ಇಲ್ರಿ, ಡಾಕ್ಟ್ರ.”

ಚಾಚಿದ ಕೈ ಅಲ್ಲೇ ನಿಂತಿತು.

“ನಾ ಇಳದು ನೋಡೀನಿ. ಸಿದ್ದರಾಯನ್ನೂ ಇಳಿಸೀನಿ, ಬೆವತು ಬಂದಾನ. ನೀವು ಥಂಡಿ ಅಂತ ಬರದೀರಿ.”

“ಅಂದಾಜಿನ ಮ್ಯಾಲೆ ಬರದೆ.”

“ಹಗೇವಿನ ಗಾಳಿ ಕುಡದು ಸತ್ತವರನ್ನ ನೀವು ನೋಡಿಲ್ಲೇನು?”

“ನೋಡೇನಿ.”

“ಅವರ ಮಾರಿ ಯಾವ ಬಣ್ಣ?”

ಡಾಕ್ಟರು ಎದ್ದು ಹೋಗಿ ದವಾಖಾನೆಯ ಬಾಗಿಲು ಮುಂದೆ ಮಾಡಿದರು. ಸಂತೆಯ ಗದ್ದಲ ನೀರಿನೊಳಗೆ ಮುಳುಗಿದಂತೆ ದೂರವಾಯಿತು.

“ನೀಲಿ” ಎಂದರು ಬೆನ್ನು ತಿರುಗಿಸಿಕೊಂಡೇ.

“ಮಾಸ್ತರ್ದು?”

ಡಾಕ್ಟರು ಬಾಗಿಲಿನ ಚಿಲಕ ಸರಿಸಿದರು.

“ಇನ್ನೊಂದು ಮಾತು” ಎಂದ ಬಸಲಿಂಗಯ್ಯ. “ಅವರ ಮೊಣಕಾಲು ಮಡಚಿದ್ವು. ಮಲಗಿದ ಕೂಸಿನಂಗ ಅಂತ ಎಲ್ಲಾರೂ ಅಂದ್ರು, ನಾನೂ ಅಂದೆ. ಕೂಸು ಮಲಗಿದಂಗ ಅಲ್ರಿ ಅದು. ಸೀಟಿನ ಮ್ಯಾಲೆ ಕುಂತಾವರ ಮೊಣಕಾಲು. ಕುಂತಲ್ಲೇ ಜೀವಾ ಹೋಗಿ, ಕುಂತಂಗ ಸೆಟೆದಾವ. ಹಗೇವಿನಾಗ ಸೀಟು ಎಲ್ಲಿ ಬಂತು?”

ಶಿವಯೋಗೆಪ್ಪ ಗೋಡೆಗೆ ಹಣೆ ಒತ್ತಿದರು. ದೊಡ್ಡ ಮೈಯ ಮನುಷ್ಯ. ಒಮ್ಮೆಲೆ ಅಂಗಿಯೊಳಗೆ ಏನೂ ಇಲ್ಲದಂತೆ ಕುಸಿದು, ರೋಗಿಗಳು ಕೂರುವ ಬೆಂಚಿನ ಮೇಲೆ ಕೂತರು.

“ನಸುಕಿನ್ಯಾಗ ಕಾರು ತಗಿಯಾಕ ಕೊಟ್ಟಿಗಿಗೆ ಹೋದೆ” ಎಂದರು. “ಹಿಂದಿನ ಸೀಟಿನ್ಯಾಗ ಕೌದಿ ಹೊಚಗೊಂಡು ಕುಂತಿದ್ದ. ವಿಚಾರ ಮಾಡಾಕ ನಿನ್ನ ಕಾರು ಚಲೋ ಐತಿ, ಅಲ್ಲಿ ಯಾರೂ ಮಾತಾಡ್ಸೂದಿಲ್ಲ ಅಂತ ನಗತಿದ್ದ ಯಾವಾಗ್ಲೂ. ಮಲಗ್ಯಾನ ಅಂದ್ಕೊಂಡೆ. ಗಲ್ಲಾ ಮುಟ್ಟಿದೆ. ತಣ್ಣಗ.”

“ಒಲಿ ಆರಿರಲಿಲ್ಲ.”

“ಅದು ಲಗೂನ ಆರೂದಿಲ್ಲ. ಅದಕ್ಕ ನಾ ಕೊಟ್ಟಿಗಿ ಬಾಗಲಾ ಎಂದೂ ಮುಚ್ಚೂದಿಲ್ಲ. ಐತವಾರನೂ ಪೂರಾ ತಗದ ಇಟ್ಟಿದ್ದೆ.” ಅವರು ತಲೆ ಎತ್ತಿದರು. “ನಸುಕಿನ್ಯಾಗ ಹೋದಾಗ ಬಾಗಲಾ ಮುಚ್ಚಿತ್ತು. ಹೊರಗಿಂದ ಚಿಲಕಾ ಹಾಕಿತ್ತು.”

ಬಸಲಿಂಗಯ್ಯನ ಕಿವಿಯಲ್ಲಿ ಗುಂಯ್‌ಗುಡುವುದು ನಿಂತುಹೋಯಿತು. ಅಥವಾ ಹಾಗೆ ಅನ್ನಿಸಿತು.

“ಅಂದ್ರ ಇದು ಅಪಘಾತ ಅಲ್ಲ ಅಂತ ನಿಮಗ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದು ಸುಳ್ಳು ಬರದ್ರಿ. ಆ ಸುಳ್ಳಿಗೆ ನಾಳೆ ಸಿದ್ದರಾಯ ಜೇಲಿಗೆ ಹೋಗ್ತಾನ.”

“ನೀಲಾಬಾಯಿ...” ಎಂದು ಡಾಕ್ಟರು ತಡವರಿಸಿದರು. ಮತ್ತೆ ಹೇಳಿದರು. “ಮಲಗೂ ಮುಂಚೆ ಆಕಿ ಕಂದೀಲ ಹಿಡಕೊಂಡು ಕೊಟ್ಟಿಗಿ ಕಡೆ ಹೋಗೂದು ನೋಡಿದ್ದೆ. ಸಂಜಿಕೆ ಇಬ್ಬರಿಗೂ ಮಾತಿಗೆ ಮಾತು ಬೆಳದಿತ್ತು. ಆಕಿ ಹಾಕಿದ ಚಿಲಕಾ ಅಂತ ಅಂದ್ಕೊಂಡೆ. ಗೊತ್ತಿಲ್ದ ಹಾಕ್ಯಾಳೋ ಗೊತ್ತಿದ್ದು ಹಾಕ್ಯಾಳೋ. ಆಕಿ ಹೆಸರು ಬಾಯಾಗ ತರೂದು ನನ್ನ ಕೈಲೆ ಆಗಲಿಲ್ಲ ಫೌಜದಾರ್ರ. ಕಾರಣ ಕೇಳಬ್ಯಾಡ್ರಿ.”

ಕೇಳುವ ಅಗತ್ಯವಿರಲಿಲ್ಲ, ಅವರ ಮುಖದ ಮೇಲೇ ಇತ್ತು. ಮಾಸ್ತರರೇ ಬಯಸಿ ಸತ್ತರೆಂಬ ಮಾತನ್ನು ಆಕೆ ಎತ್ತಿದ್ದು ಯಾರನ್ನು ಕಾಯಲು ಎಂದು ಬಸಲಿಂಗಯ್ಯ ಕ್ಷಣ ಹೊತ್ತು ಯೋಚಿಸಿದ. ಕಾರು ಯಾರದೆಂದು ಆಕೆಗೂ ಗೊತ್ತಿತ್ತಲ್ಲ.

“ಆಮ್ಯಾಲೆ ಹೆಣಾ ಹೊತಗೊಂಡು ಹೋಗಿ ಹಗೇವಿಗೆ ಇಳಿಸಿದ್ರಿ.”

“ಇಲ್ಲ.”

“ಡಾಕ್ಟ್ರ...”

“ಇಲ್ರಿ. ಅದೊಂದು ನಾ ಮಾಡಿಲ್ಲ.” ಶಿವಯೋಗೆಪ್ಪರ ದನಿ ಒಡೆಯಿತು. “ಅವನ ಮೈಯಾಗ ಏನಿತ್ತು? ಹುಡುಗನ್ನ ಎತ್ತಿದಂಗಾತು. ಹೊರಗಿನ ಕ್ವಾಣ್ಯಾಗ ಅವಂದ ಹಾಸಿಗಿ ಹಾಸಿತ್ತು, ಅದರ ಮ್ಯಾಲೆ ಮಲಗಿಸಿ ಕೌದಿ ಹೊಚ್ಚಿದೆ. ಎದಿ ನಿಂತು ಸತ್ತಾನ ಅಂತ ಬರೀಬೇಕು ಅಂದ್ಕೊಂಡಿದ್ದೆ. ಅವ ಮರ್ಯಾದಿಯಿಂದ ಹೋಗ್ಲಿ ಅಂತ. ಹೊತ್ತು ಹೊಂಟ ಮ್ಯಾಲೆ ಎಲ್ಲಾರೂ ಎದ್ರು. ಮಾಸ್ತರ ಕಾಣವಲ್ರು ಅಂತ ಗದ್ಲಾ ಆತು. ಓಡಿ ಹೋಗಿ ನೋಡ್ತೇನಿ, ಹಾಸಿಗಿ ಖಾಲಿ! ನನಗ ಬುದ್ಧಿ ಭ್ರಮಣಿ ಆದಂಗಾತು. ಸತ್ತಾವ ಎದ್ದು ಹೋದ್ನೇನು? ನಾ ನೋಡಿದ್ದ ಕನಸೇನು? ಯಾರಿಗೆ ಹೇಳ್ಲಿ? ನಾನ ಮಲಗಿಸಿದ್ನಿ ಅಂತ ಹೇಳಾಕ ಬರ್ತೈತೇನು?”

ಬಸಲಿಂಗಯ್ಯ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ. ಎದುರಿಗೆ ಔಷಧಿ ಸೀಸೆಗಳ ಸಾಲಿತ್ತು. ಬಿಸಿಲು ಬಿದ್ದು ಒಂದೊಂದು ಸೀಸೆ ಒಂದೊಂದು ಬಣ್ಣದ ನೆರಳು ಚೆಲ್ಲಿತ್ತು.

ಹಾಸಿಗೆಯ ಮೇಲೆ ಸತ್ತು ಮಲಗಿದವನನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಅಂಥವನನ್ನು ಎತ್ತಿಕೊಂಡು ಹೋಗಿ, ಕಲ್ಲು ಸರಿಸಿ, ನೆಲದೊಳಗೆ ಇಳಿಸಿದ್ದಾರೆ. ಹಾಸಿಗೆ ಬಿಟ್ಟು ಹಗೇವೇ ಯಾಕೆ? ಗಾಳಿಯಿಂದ ಸತ್ತನೆಂದು ಗೊತ್ತಿದ್ದು, ಆ ಗಾಳಿಗೆ ಬೇರೆ ಕಾರಣ ಬೇಕಾದವರಿಗೆ ಮಾತ್ರ ಹಗೇವು ಬೇಕು.

“ಒಂದು ಹೇಳ್ರಿ” ಎಂದ ಬಸಲಿಂಗಯ್ಯ. “ಎದಿ ನಿಂತು ಸತ್ತಾನ ಅಂತ ಬರಿಯಾವ್ರಿದ್ರಿ ನೀವು. ಕೆಟ್ಟ ಗಾಳಿ ಅನ್ನೂ ವಿವರಣೆ ನಿಮಗ ಹೆಂಗ ಹೊಳೀತು? ಹೆಣಾ ನೋಡಿದ ಮ್ಯಾಲೆ?”

ಡಾಕ್ಟರು ಹುಬ್ಬು ಗಂಟಿಕ್ಕಿದರು. ನೆನಪಿನ ಕತ್ತಲಲ್ಲಿ ಏನನ್ನೋ ತಡಕುತ್ತಿರುವಂತೆ ಕಂಡರು.

“ಅದು ನನ್ನದಲ್ರಿ” ಎಂದರು ನಿಧಾನವಾಗಿ. “ನಾ ದಿಕ್ಕು ತಪ್ಪಿ ನಿಂತಿದ್ದೆ ಅಂತ ಶಂಕ್ರೆವ್ವಕ್ಕ ಅಡಗಿಮನ್ಯಾಗ ಕರದು ಚಾ ಕೊಟ್ಟರು. ಕೊಟ್ಟು, ‘ಹಗೇವಿನ ಗಾಳಿ ಕೆಟ್ಟದ್ದು ತಮ್ಮಾ, ಅದರಾಗ ಹೋದಾವ ನಿದ್ದಿ ಬಂದಂಗ ಹೋಗ್ತಾನ, ತ್ರಾಸ ಆಗೂದಿಲ್ಲ’ ಅಂದ್ರು. ಹೆಣಾ ಸಿಕ್ಕ ಮ್ಯಾಲೆ ಆ ಮಾತ ನೆನಪಾಗಿ ಅದನ್ನ ಬರದೆ.”

“ಆಗ ಸಿದ್ದರಾಯ ಹಗೇವಿನ ಕಡೆ ಹೋಗಿದ್ನೇನು?”

“ಇನ್ನೂ ಇಲ್ಲ.”

“ಯಾರರೇ ಹಗೇವಿನ ಸುದ್ದಿ ತಗದಿದ್ರೇನು?”

ಶಿವಯೋಗೆಪ್ಪರ ಬಾಯಿ ತೆರೆಯಿತು. ತಾವು ಏನು ಹೇಳುತ್ತಿದ್ದೇವೆಂದು ಆಗಷ್ಟೇ ಅವರಿಗೆ ಕೇಳಿಸಿದಂತಿತ್ತು.

“ಇಲ್ರಿ. ಆಗ ಎಲ್ಲಾರೂ ಅವನ್ನ ಬಾವ್ಯಾಗ ಹುಡುಕಾಕತ್ತಿದ್ರು.”